ತಾಮ್ರಕ್ಕೆ ತಕ್ಕ ಉರಿ

ಮಣ್ಣು ಮಾಡಿದ ಮೇಲೂ ಉಳಿದುಕೊಂಡಿದ್ದ ನೆಂಟರು ಒಬ್ಬೊಬ್ಬರಾಗಿ ಊರಿಗೆ ಹೊರಟುಹೋಗಿ, ಮನೆಯಲ್ಲಿ ಇಬ್ಬರೇ ಉಳಿದ ಮೊದಲ ಬೆಳಿಗ್ಗೆ ದೇಬೋರಾ ಎದ್ದು ನಲ್ಲಿ ತಿರುವಿದಳು. ನೀರು ಬಂತು. ಮುಖ ತೊಳೆದುಕೊಂಡಳು. ಬೀದರಿನ ಮಂಗಲಪೇಟೆಯ ಓಣಿಯಲ್ಲಿ ಹಾಲಿನವನು ಕೂಗಿದ. ಎದುರು ಮನೆಯವರು ಸ್ಕೂಟರನ್ನು ಒದ್ದು ಒದ್ದು ಚಾಲೂ ಮಾಡಿದರು. ಎಲ್ಲ ತನ್ನಷ್ಟಕ್ಕೆ ನಡೆದಿತ್ತು.

ಅತ್ತೆ ಮೀರಾಬಾಯಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಮಗನನ್ನು ಕಳೆದುಕೊಂಡ ಮೇಲೆ ಆಕೆಯ ದನಿ ಒಂದಿಷ್ಟು ಜೋರಾಗಿತ್ತು, ಅಷ್ಟೆ.

"ಕಾಲೇಜಿಗಿ ಹೋಗ್ತಿ ಏನು?"

"ಇನ್ನೂ ರಜಾ ಅದರಿ."

"ಹಂಗಾದ್ರ ಕೂತು ತಿನ್ನು. ನಿನ್ನಿ ಪಾದ್ರಿ ಅಮ್ಮನ ಮುಂದ ಎರಡು ತುತ್ತು ಉಂಡು ಎದ್ದಿ. ಸೊಸಿಗಿ ಉಪವಾಸ ಕೆಡವ್ಯಾಳ ಮುದುಕಿ ಅಂತ ಚರ್ಚಿನ ಸಭಾದಾಗೆಲ್ಲಾ ಆಗಿರಬೇಕು ಈಗ."

ದೇಬೋರಾ ಕೂತಳು. ರೊಟ್ಟಿ ಮುರಿದಳು. ಬಾಯಿಗಿಟ್ಟಾಗ ಬಿಸಿಯಿದೆ ಎಂದು ಗೊತ್ತಾಯಿತೇ ಹೊರತು ರುಚಿ ಗೊತ್ತಾಗಲಿಲ್ಲ. ಅಷ್ಟರಲ್ಲಿ ಫೋನು ಬಡಿಯಿತು. ಭಾಲ್ಕಿಯಿಂದ ಕ್ಯಾರೊಲಿನ ಸಿಸ್ಟರ್. ನರ್ಸ್ ಆಗಿ ನಿವೃತ್ತಳಾದ ಮೇಲೆ ಅಲ್ಲಿ ಹಳೆಯ ಬಂಗಲೆಯೊಂದರಲ್ಲಿ ಸಣ್ಣ ಹೆರಿಗೆ ಮನೆ ನಡೆಸುತ್ತಿದ್ದಳು. ಮಾಳಿಗೆಯ ಮೇಲಿನ ಸೋಲಾರ್ ಟ್ಯಾಂಕಿನಿಂದ ಬಾಣಂತಿಯರ ಕೋಣೆಗೆ ಬಿಸಿನೀರಿನ ತಾಮ್ರದ ಕೊಳವೆ ಎಳೆಯುವ ಕೆಲಸ ದೇಬೋರಾಳ ಗಂಡ ರಿಚರ್ಡನದಾಗಿತ್ತು. ಎಸಿ, ಫ್ರಿಜ್ಜು ರಿಪೇರಿ ಮಾಡುತ್ತಿದ್ದವನಿಗೆ ಇಂಥದು ಮೊದಲನೆಯದು.

"ದೇಬೋರಾ, ಈ ಹೊತ್ತಿನಾಗ ಕೇಳಬಾರದಿತ್ತು," ಎಂದಳು ಕ್ಯಾರೊಲಿನ. "ಆದ್ರ ಒಲಿ ಮ್ಯಾಲ ನೀರು ಕಾಸಿ ಕಾಸಿ ನನ್ನ ಹುಡುಗ್ಯಾರು ಸೋತು ಹೋಗ್ಯಾರ. ಔರಾದದ ಧಮ್ಮಪಾಲಗ ಕರೆಸೇನಿ. ಆ ಪೈಪೆಲ್ಲಾ ಕಿತ್ತು ಪ್ಲಾಸ್ಟಿಕ್ ಹಾಕ್ತಾನಂತ. ರಿಚರ್ಡನ ಸಾಮಾನು ಇಲ್ಲೇ ಬಿದ್ದಾವ. ಬಂದು ಒಯ್ಯವ್ವಾ."

"ಪೂರಾ ಕೀಳ್ತಾರೇನ್ರಿ?"

"ಪೂರಾ."

ಏನನ್ನೂ ಬಯಸದೆ ಎಷ್ಟೋ ಹೊತ್ತುಗಳನ್ನು ಕಳೆದಿದ್ದ ದೇಬೋರಾಗೆ ಆಗ ಒಂದು ಸಂಗತಿ ಬೇಕೆನ್ನಿಸಿತು. ಆ ಕೊಳವೆ ಕೀಳಬಾರದು. ಯಾಕೆಂದು ತನ್ನನ್ನೇ ಕೇಳಿಕೊಳ್ಳಲಿಲ್ಲ. "ಬರ್ತೇನಿ," ಎಂದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗವಿತ್ತು. ಒಳಗಡೆಯ ಸೀಟಿನಲ್ಲಿ ಕೂತಳು. ಇದೇ ದಾರಿಯಲ್ಲಿ, ಹಲಬರ್ಗಾದ ಸಮೀಪ, ಮುಸ್ಸಂಜೆಯಲ್ಲಿ ಹಿಂದಿನ ದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರಾಲಿಗೆ ರಿಚರ್ಡನ ಬೈಕು ಹೊಡೆದಿತ್ತು. ಹಲಬರ್ಗಾ ಬಂದಾಗ ಅವಳು ಮುಂದಿನ ಸೀಟಿನ ಬೆನ್ನ ಮೇಲೆ ಯಾರೋ ಗೀಚಿದ್ದ ಫೋನ್ ನಂಬರು ಓದಿದಳು. ಮತ್ತೊಮ್ಮೆ ಓದಿದಳು. ಊರು ದಾಟಿತು.

ಹೆರಿಗೆ ಮನೆಯ ಪಡಸಾಲೆಯಲ್ಲಿ ಧಮ್ಮಪಾಲ ಟೇಪು ಹಿಡಿದು ಗೋಡೆ ಅಳೆಯುತ್ತಿದ್ದ. ಎಕಂಬಾದವನು, ಔರಾದದಲ್ಲಿ ಪೈಪಿನ ಅಂಗಡಿ. ರಿಚರ್ಡನಿಗೂ ಅವನಿಗೂ ಎಲ್ಲಿ ಸಿಕ್ಕರೂ ಜಗಳದಂಥ ಗೆಳೆತನ. ಅವಳನ್ನು ಕಂಡು ಕಿವಿಯ ಮೇಲಿನ ಪೆನ್ಸಿಲು ತೆಗೆದ, ಮತ್ತೆ ಅಲ್ಲಿಯೇ ಇಟ್ಟ.

"ಬರ್ರಿ ವೈನಿ." ಸುಮ್ಮನಿರುವುದು ಅವನಿಂದ ಆಗದ ಕೆಲಸ. "ನಾ ಅವನಿಗಿ ಮೊದಲೇ ಹೇಳಿದ್ದೆರಿ. ತಾಮ್ರ ಅಂದ್ರ ಹೊಸಾ ಅಳಿಯ ಇದ್ದಂಗ. ತಿಕ್ಕಬೇಕು, ತೀಡಬೇಕು, ಪೇಸ್ಟ್ ಹಚ್ಚಬೇಕು, ಬೆಂಕಿ ತೋರಿಸಬೇಕು. ಪ್ಲಾಸ್ಟಿಕ್‌ಗಿ ಏನದ? ಗೋಂದು ಹಚ್ಚು, ತುರುಕು, ಮನಿಗಿ ಹೋಗು."

"ಏನಾಗ್ಯಾದ ತೋರಿಸ್ರಿ."

ಧಮ್ಮಪಾಲ ಏಣಿ ಹತ್ತಿ, ಕೊಳವೆ ತಿರುಗುವ ಮೂಲೆಯ ಎಲ್ಬೋ ಕೀಲೊಂದನ್ನು ಹಿಡಿದು ತಿರುಚಿದ. ಅದು ಹಣ್ಣಿನ ತೊಟ್ಟು ಕಳಚಿದಷ್ಟು ಸಲೀಸಾಗಿ ಕೈಗೆ ಬಂತು. ಅವಳ ಕೈಗೆ ಕೊಟ್ಟ. ಹೊರಗಡೆ ಸುಟ್ಟು ಕಪ್ಪಾಗಿತ್ತು. ಕರಗಿದ ತವರ ಸಂದಿಯೊಳಗೆ ಇಳಿಯದೆ ಬಾಯಿಯಲ್ಲಿಯೇ ಮಣಿಮಣಿಯಾಗಿ ನಿಂತಿತ್ತು. ತವರ ಹರಿಯಲೆಂದು ಹಚ್ಚುವ ಪೇಸ್ಟು ಒಳಗೆ ಕರಕಲಾಗಿ ಹಕ್ಕಳೆ ಕಟ್ಟಿತ್ತು. ದೇಬೋರಾ ಕಲಬುರ್ಗಿಯಲ್ಲಿ ರಸಾಯನಶಾಸ್ತ್ರ ಓದಿ, ಬೀದರಿನ ಕಾಲೇಜಿನಲ್ಲಿ ಅದನ್ನೇ ಕಲಿಸುತ್ತಿದ್ದವಳು. ನೋಡಿದ ಕೂಡಲೆ ತಿಳಿಯಿತು.

"ಉರಿ ಹೆಚ್ಚಾಗ್ಯಾದ. ಪೇಸ್ಟ್ ಮೊದಲೇ ಸುಟ್ಟು ಹೋಗ್ಯಾದ."

"ಹೌದ್ರಿ. ಎಸಿ ಪೈಪ್ ಬೆಸಿಯೋ ಆಕ್ಸಿಜನ್ ಸೆಟ್ ಇಟ್ಟು ಹೊಡದಾನ ಇದಕ್ಕ. ಬಾಳಿಹಣ್ಣು ಹೆಚ್ಚಲಿಕ್ಕ ಕೊಡಲಿ ತಂದಂಗ."

ಮೂಲೆಯ ಆ ಕೆಲವು ಕೀಲುಗಳಷ್ಟೇ ಸುಟ್ಟಿದ್ದವು. ಉಳಿದ ಕೊಳವೆಯೆಲ್ಲ ಜಂತಿಯ ಕೆಳಗೆ ನೆಟ್ಟಗೆ, ಒಂದು ಕಡೆಯೂ ಡೊಂಕಿಲ್ಲದೆ ಕೂತಿತ್ತು. ಅಲ್ಲಿ ರಿಚರ್ಡ ಕೀಲುಗಳನ್ನು ತೊಡಿಸಿದ್ದ, ಬೆಸೆದಿರಲಿಲ್ಲ. ತನ್ನ ತಪ್ಪು ಅರಿತು ನಿಲ್ಲಿಸಿದ್ದನೋ, ಹೊತ್ತಾಯಿತೆಂದು ನಿಲ್ಲಿಸಿದ್ದನೋ, ಕೊಳವೆ ಹೇಳುವಂತಿರಲಿಲ್ಲ.

"ಸತ್ತವನ ಮ್ಯಾಲ ಮಾತು ಬ್ಯಾಡ ವೈನಿ," ಎಂದ ಧಮ್ಮಪಾಲ ಏಣಿ ಇಳಿಯುತ್ತ. "ಆದ್ರ ಹೀಂಗ ಬಿಟ್ರ, ಬಂದವರೆಲ್ಲಾ ಕೇಳ್ತಾರ, ಯಾವ ಪುಣ್ಯಾತ್ಮ ಮಾಡಿದ ಕೆಲಸ ಅಂತ. ಕಿತ್ತು ಹಾಕಿದ್ರ ಅವನಿಗೂ ಚಲೋ."

"ಶನಿವಾರತನಕ ಕೀಳಬ್ಯಾಡ್ರಿ."

"ಯಾರಿಗಿ ಕರ್ಕೊಂಡು ಬರ್ತೀರಿ? ಹೈದರಾಬಾದಿನವರಿಗಿ?"

"ನಾನೇ ಮಾಡ್ತೇನಿ."

ಧಮ್ಮಪಾಲ ಕ್ಯಾರೊಲಿನಳ ಮುಖ ನೋಡಿದ. ಆಕೆ ಸೆರಗಿನಿಂದ ಕನ್ನಡಕ ಒರೆಸಿದಳು. ಹೆರಿಗೆ ಕೋಣೆಯಲ್ಲಿ ಎಷ್ಟೋ ಹೆಂಗಸರ ಹಟ ಕಂಡವಳು, ಯಾವ ಹಟಕ್ಕೆ ಎದುರಾಡಬಾರದೆಂದು ಅವಳಿಗೆ ಗೊತ್ತಿತ್ತು.

"ಶನಿವಾರ ಸಂಜೀತನಕ," ಎಂದಳು. "ಆಮ್ಯಾಲ ನನ್ನ ಕೈಯಾಗ ಇಲ್ಲ. ಧಮ್ಮಪಾಲ, ನೀ ನಿನ್ನ ಪೈಪ್ ತಂದೇ ಇಡು."

ಮನೆಗೆ ಬಂದು ಮಂಚದ ಕೆಳಗಿದ್ದ ಕ್ಯಾನ್ವಾಸ್ ಚೀಲ ಎಳೆದಳು. ಪೊಲೀಸರು ಹೆಲ್ಮೆಟ್ಟಿನ ಜೊತೆ ಕೊಟ್ಟಿದ್ದು. ಈವರೆಗೆ ಬಿಚ್ಚಿರಲಿಲ್ಲ. ಒಳಗೆ ಕೊಳವೆ ಕಾಯಿಸುವ ಗ್ಯಾಸ್ ಗನ್ನು ಇತ್ತು: ಹಿತ್ತಾಳೆಯ ಬಾಗಿದ ಕುತ್ತಿಗೆ, ಉದ್ದನೆಯ ರಬ್ಬರು ನಳಿಗೆ, ತುದಿಗೆ ದಪ್ಪನೆಯ ರೆಗ್ಯುಲೇಟರು. ಹಿಡಿಕೆಗೆ ಹಸಿರು ದಾರ ಸುತ್ತಿತ್ತು.

ಮೀರಾಬಾಯಿ ಬಗ್ಗಿ ನೋಡಿದಳು. "ಇದು ನಮ್ಮದಲ್ಲ. ಹಸಿರು ದಾರ ಸುತ್ತೋದು ಜಹೀರೋದ್ದೀನ. ಕೈಸಾಲ ತಂದಿರಬೇಕು. ಕೊಟ್ಟು ಬಾ. ಮಂದಿ ಸಾಮಾನು ಮನ್ಯಾಗ ಬ್ಯಾಡ."

ಜಹೀರೋದ್ದೀನನ ಅಂಗಡಿ ಚೌಬಾರಾ ಗೋಪುರದ ಹಿಂದಿನ ಗಲ್ಲಿಯಲ್ಲಿತ್ತು. ಹಿರಿಯರು ತಾಮ್ರದ ಹಂಡೆಗಳಿಗೆ ಕಲಾಯಿ ಹಾಕುತ್ತಿದ್ದ ಜಾಗದಲ್ಲಿಯೇ ಅವನು ಲಾರಿ, ಟ್ರ್ಯಾಕ್ಟರುಗಳ ರೇಡಿಯೇಟರು ಬೆಸೆಯುತ್ತಿದ್ದ. ಬಾಗಿಲಲ್ಲಿ ಅವಳನ್ನೂ ಅವಳ ಕೈಯ ಚೀಲವನ್ನೂ ಕಂಡು ಎದ್ದು ನಿಂತ. ಚೀಲಕ್ಕೆ ಕೈ ಚಾಚಲಿಲ್ಲ.

"ಇಟ್ಕೋ ಬೇಟಿ. ನನಗ ಬ್ಯಾಡ ಅದು."

"ಕೊಡಲಿಕ್ಕ ಬಂದಿಲ್ರಿ ಚಾಚಾ. ಇದು ಅವರ ಹತ್ರ ಹ್ಯಾಂಗ ಬಂತು, ಕೇಳಲಿಕ್ಕ ಬಂದೇನಿ."

ಅವನು ಸ್ಟೂಲು ಒರೆಸಿ ಕೊಟ್ಟ. ತಾನು ಕೂರಲಿಲ್ಲ. "ಅವತ್ತ ಮಧ್ಯಾಹ್ನ ನಗ್ತಾ ಬಂದ. ಚಾಚಾ, ನಂದು ಎಸಿ ಕೈ, ಕೆಂಪಾಗೋತನಕ ಬಿಡಂಗಿಲ್ಲ, ಭಾಲ್ಕಿದಾಗ ಪೈಪಿನ ನಾಕು ಜೋಡು ಸುಟ್ಟು ಕಬಾಬ್ ಮಾಡೇನಿ ಅಂದ. ನಾ ಇದು ಕೊಟ್ಟೆ. ನಾಳಿ ಹೋಗು ಅಂದೆ. ಒಂದು ಜೋಡಾದ್ರೂ ಹತ್ತಿಸಿ ನೋಡಿ ಬರ್ತೇನಿ, ಇಲ್ಲಂದ್ರ ನಿದ್ದಿ ಬರಲ್ಲ ಅಂದ." ಗಲ್ಲಿಯ ಕಡೆ ನೋಡಿದ. "ನಾ ಕೊಡದಿದ್ರ ಅವತ್ತ ಆ ದಾರಿ ಹಿಡೀತಿದ್ದಿಲ್ಲ."

ದೇಬೋರಾ ಚೀಲವನ್ನು ಕಾಲ ಬಳಿ ಇಟ್ಟಳು. ಅಂದರೆ ರಿಚರ್ಡ ತನ್ನ ತಪ್ಪು ಅರಿತೇ ನಿಲ್ಲಿಸಿದ್ದ. ಆ ಮಾತು ಅವಳೊಳಗೆ ಹೋಗಿ ಒಂದು ಕಡೆ ಕೂತಿತು. ಅಳು ಬರಬಹುದೇನೋ ಎಂದು ಒಂದು ಕ್ಷಣ ಕಾದಳು. ಬರಲಿಲ್ಲ.

"ಉಳಿದದ್ದು ನಾ ಬೆಸೀಬೇಕರಿ. ಯಾವುದರಿಂದ ಬೆಸೀಲಿ?"

ಜಹೀರೋದ್ದೀನ ಅವಳನ್ನು ದಿಟ್ಟಿಸಿದ. ಆಮೇಲೆ ಕೆಲಸದ ಮಾತು ಬಂದ ಸಮಾಧಾನಕ್ಕೋ ಏನೋ, ಒಂದೊಂದೇ ತೆಗೆದು ಕಲ್ಲಿನ ಮೇಲಿಟ್ಟ. ಅಬ್ಬಾಜಾನರ ಕಾಲದ, ಪಂಪು ಹೊಡೆಯುವ ಸೀಮೆಎಣ್ಣೆಯ ಹಿತ್ತಾಳೆ ದೀಪ. ಕೈಯಗಲದ ಗ್ಯಾಸ್ ಡಬ್ಬಿಗೆ ತಿರುಪಿ ಕೂಡಿಸುವ ಸಣ್ಣ ಗನ್ನು. ಮೂಲೆಯಲ್ಲಿ ಆಕ್ಸಿಜನ್ ಸಿಲಿಂಡರಂತೂ ಇದ್ದೇ ಇತ್ತು.

"ಆಕ್ಸಿಜನ್ ಬ್ಯಾಡ್ರಿ. ಸುಟ್ಟಿದ್ದೇ ಅದರಿಂದ. ತವರ ಕರಗಲಿಕ್ಕ ಅಷ್ಟು ಉರಿ ಬೇಕಾಗಿಲ್ಲ."

"ದೀಪ?"

"ಸೀಮಿ ಎಣ್ಣಿ ಎಲ್ಲಿ ತರ್ಲಿ?"

"ಅದೂ ಖರೇ. ರೇಷನ್‌ದಾಗ ಬರೋದು ನಿಂತು ಎಷ್ಟೋ ವರ್ಷಾತು. ಮಂದಿ ಡೀಸೆಲ್ ಹಾಕ್ತಾರ, ಮಸಿ ಹಿಡೀತದ. ಒಬ್ಬ ಬಹಾದ್ದೂರ ಪೆಟ್ರೋಲ್ ಹಾಕಿದ್ದ, ಈಗ ಅವನಿಗಿ ಹುಬ್ಬು ಇಲ್ಲ."

ಅವಳು ಡಬ್ಬಿಯ ಗನ್ನು ಎತ್ತಿ ನೋಡಿದಳು. ಹಗುರ. ಹೆಂಗಸಿನ ಕೈಗೆ ಇದೇ ಸರಿ ಎಂದು ಯಾರಾದರೂ ಹೇಳುವಂಥದು. ತಲೆಯ ಮೇಲೆ ಎತ್ತಿ, ಜಂತಿಯ ಕೆಳಗಿನ ಕೊಳವೆಗೆ ಹಿಡಿಯುವಂತೆ ವಾಲಿಸಿದಳು. ಒಳಗೆ ದ್ರವ ಗುಳುಗುಳು ಎಂದಿತು.

"ಇದೂ ಆಗಲ್ರಿ. ಅಡ್ಡ ಹಿಡಿದ್ರ ಗ್ಯಾಸು ನೀರಾಗೇ ಹೊರಗ ಬರ್ತದ. ಉರಿ ಒಮ್ಮಿಗೇ ಭಗ್ ಅಂತದ. ಅಲ್ಲಿ ಮ್ಯಾಲ ಎಲ್ಲಾ ಕಟಿಗಿ." ಚೀಲದ ಗನ್ನು ತೆಗೆದಳು. "ಇದರ ಸಿಲಿಂಡರ್ ನೆಲದ ಮ್ಯಾಲ ನೆಟ್ಟಗ ನಿಂತಿರ್ತದ. ಗನ್ ಹ್ಯಾಂಗ ಬೇಕಾದ್ರೂ ತಿರುಗಿಸಬಹುದು."

"ಅವನೂ ಹಿಂಗೇ ಎಲ್ಲಾ ಎತ್ತಿ ನೋಡಿ ಇದನ್ನೇ ತಗೊಂಡ," ಎಂದ ಜಹೀರೋದ್ದೀನ.

ಅಂಗಡಿಯ ಹಿತ್ತಲಲ್ಲಿ ಕೊಳವೆಯ ತುಂಡುಗಳ ಮೇಲೆ ಕೈ ಪಳಗಿಸತೊಡಗಿದಳು. ಮೊದಲನೆಯದು ಕಪ್ಪಾಯಿತು, ರಿಚರ್ಡನದರ ಹಾಗೆಯೇ. ಅದನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತಳು. ಎರಡನೆಯದೂ ಕಪ್ಪಾಯಿತು.

"ತಂತಿ ಉರಿಗಿ ಕೊಡಬ್ಯಾಡ, ತಾಮ್ರಕ್ಕ ಕೊಡು. ಪೇಸ್ಟ್ ಚುರ್ ಅಂದು ಹೊಳೀತದಲ್ಲ, ಆವಾಗ ಉರಿ ಪಕ್ಕಕ್ಕ ಸರಸು," ಎಂದ ಜಹೀರೋದ್ದೀನ.

ಪೇಸ್ಟು ಹೊಳೆಯಿತು. ಉರಿ ಸರಿಸಿ ತವರದ ತಂತಿ ಮುಟ್ಟಿಸಿದಳು. ಬೆಳ್ಳನೆಯ ಗೆರೆಯೊಂದು ಕೀಲಿನ ಸುತ್ತ ಓಡಿ ತುದಿಗೆ ತುದಿ ಕೂಡಿ ಒಳಗೆ ಇಳಿಯಿತು. ಪಾಠದಲ್ಲಿ ಎಷ್ಟೋ ಸಲ ಬರೆಸಿದ ಸಂಗತಿಯೇ. ಕಣ್ಣಿನಿಂದ ನೋಡಿರಲಿಲ್ಲ.

ಶನಿವಾರ ಅವಳ ಜೊತೆ ಮೀರಾಬಾಯಿಯೂ ಹೊರಟಳು, ಬೇಡವೆಂದರೂ ಕೇಳದೆ. "ನೀ ಏಣಿ ಹತ್ತಿದ್ರ ಕೆಳಗ ಯಾರ ಹಿಡೀತಾರ? ಪ್ಲಾಸ್ಟಿಕ್ಕಿನವನಾ?" ಆಕೆಯ ಕೈಯಲ್ಲಿ ಬುತ್ತಿಯ ಗಂಟಿತ್ತು.

ರಿಚರ್ಡನ ಸಣ್ಣ ಗ್ಯಾಸ್ ಸಿಲಿಂಡರು ಕ್ಯಾರೊಲಿನಳ ಅಡುಗೆ ಮನೆಯಲ್ಲಿಯೇ ಇತ್ತು. ಮೀರಾಬಾಯಿ ಗೋಣಿಚೀಲ ತೋಯಿಸಿ ತೋಯಿಸಿ ಕೊಟ್ಟಳು, ದೇಬೋರಾ ಅವನ್ನು ಜಂತಿಗೆ ಕಟ್ಟಿ ಮೇಲೊಂದು ತಗಡು ಸಿಕ್ಕಿಸಿದಳು. ತೊಡಿಸಿಟ್ಟ ಕೀಲುಗಳೊಳಗೆ ಹಳೆಯ ಪೇಸ್ಟು ಹಸಿರುಗಟ್ಟಿತ್ತು. ಒಂದೊಂದನ್ನೂ ಬಿಚ್ಚಿ ಎಮರಿ ಕಾಗದದಿಂದ ತಿಕ್ಕಿ ಹೊಸದಾಗಿ ಹಚ್ಚಿದಳು. ಧಮ್ಮಪಾಲ ತನ್ನ ಪ್ಲಾಸ್ಟಿಕ್ ಪೈಪುಗಳ ಕಟ್ಟಿನ ಪಕ್ಕ ಮೆಟ್ಟಿಲ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡ.

ಮೇಲಿನ ಕೀಲುಗಳು ಹತ್ತಿದವು. ಕೆಳಗೆ, ಬಾಣಂತಿಯರ ಕೋಣೆಯ ಗೋಡೆಗೆ ಇಳಿಯುವ ಕಡೆ ಬಂದಾಗ ಕೆಲಸ ನಿಂತಿತು. ಎಷ್ಟು ಹಿಡಿದರೂ ತಾಮ್ರ ಕಾಯಲೊಲ್ಲದು. ಒಳಗಿಂದ ಚೊಂಯ್ ಎನ್ನುವ ಸದ್ದು, ತುದಿಯಿಂದ ಹಬೆ. ಉರಿ ದೊಡ್ಡದು ಮಾಡಲು ಅವಳ ಕೈ ತಿರುಪಿಗೆ ಹೋಯಿತು.

"ನೀರು ಕುದಿಸಲಿಕತ್ತೀರಿ ವೈನಿ," ಎಂದು ಧಮ್ಮಪಾಲ ಕೂತಲ್ಲಿಂದಲೇ ಕೂಗಿದ. "ಚಾ ಪುಡಿ ಹಾಕ್ಲ್ಯಾ?"

ಅವಳು ತಿರುಪಿನಿಂದ ಕೈ ತೆಗೆದಳು. ಟ್ಯಾಂಕಿನ ವಾಲ್ವು ಪೂರಾ ಮುಚ್ಚದೆ ಹನಿಹನಿಯಾಗಿ ನೀರು ಇಳಿಯುತ್ತಿತ್ತು. ಒಳಗೆ ನೀರಿರುವ ತನಕ ತಾಮ್ರ ಕುದಿಯುವ ನೀರಿಗಿಂತ ಹೆಚ್ಚು ಕಾಯುವುದಿಲ್ಲ. ಇಲ್ಲಿ ಉರಿ ಹೆಚ್ಚಿಸಿದರೆ ಸುಡುವುದು ಪೇಸ್ಟು ಮಾತ್ರ. ಗ್ಯಾಸು ಬಂದ್ ಮಾಡಿದಳು.

ಧಮ್ಮಪಾಲ ಎದ್ದು ಬಂದ. ಅವನಿಗೂ ಕೂತು ಕೂತು ಸಾಕಾಗಿತ್ತು. ವಾಲ್ವು ತಿರುವಿ ನೋಡಿದ. "ಇದು ಇನ್ನ ಬಿಗಿ ಆಗಲ್ಲ. ಪೈಪಿನಾಗ ಪಾವ್ ಬ್ರೆಡ್ ತುರುಕ್ತಾರ ಕೆಲವರು, ಬೆಸಿಯೋತನಕ ಅದು ನೀರು ಹಿಡ್ಕೊಂಡು ಕೂಡ್ತದ. ಅಂಗಡಿಗಿ ಹೋಗಿ ತರ್ಲಿ?"

"ಪಾವ್ ಯಾಕ? ರೊಟ್ಟಿ ಅದ," ಎಂದಳು ಮೀರಾಬಾಯಿ.

"ಪೈಪಿನಾಗ ಜ್ವಾಳದ ರೊಟ್ಟಿ ಏನು, ಆಯಿ? ನಾಳಿ ನಲ್ಲ್ಯಾಗ ಅಂಬಲಿ ಬರ್ತದ."

"ಬರಲ್ರಿ," ಎಂದಳು ದೇಬೋರಾ. "ಗೋಧಿ ಆದ್ರ ಅಂಟು ಆಗಿ ಕೂಡ್ತದ. ಜ್ವಾಳಕ್ಕ ಜಿಗಿ ಇಲ್ಲ. ನೀರು ಜೋರು ಬಿಟ್ರ ಪುಡಿ ಆಗಿ ಹೋಗ್ತದ."

ಮೀರಾಬಾಯಿ ಗಂಟು ಬಿಚ್ಚಿದಳು. ಕೊಡಲಿಲ್ಲ. "ಮೊದಲ ನೀ ತಿನ್ನು. ಆಮ್ಯಾಲ ಪೈಪಿಗಿ ತಿನಸು."

"ಅತ್ತಿ, ಹೊತ್ತಾಗ್ತದರಿ."

"ಪೈಪಿಗೊಂದು ನ್ಯಾಯ, ನಿನಗೊಂದು ನ್ಯಾಯ ಏನು? ತಿನ್ನು ಅಂದ್ರ ತಿನ್ನು."

ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತು ದೇಬೋರಾ ಒಂದು ರೊಟ್ಟಿ ಪೂರ್ತಿ ತಿಂದಳು. ಧಮ್ಮಪಾಲ ಮುಖ ಆಚೆ ತಿರುಗಿಸಿ ನಿಂತಿದ್ದ. ಇನ್ನೊಂದು ರೊಟ್ಟಿಯನ್ನು ಚೂರು ಮಾಡಿ, ಉಂಡೆ ಕಟ್ಟಿ, ತಂತಿಯಿಂದ ಒಳಗೆ ನೂಕಿದರು. ಹನಿ ನಿಂತಿತು. ಬೇಗ ಬೇಗ ಒರೆಸಿ, ತಿಕ್ಕಿ, ಹಚ್ಚಿ, ಉರಿ ಹಿಡಿದಳು. ಏಣಿಯ ಆ ಮಗ್ಗುಲಿನಿಂದ ಧಮ್ಮಪಾಲ ತವರದ ತಂತಿ ನೀಡಿದ.

"ಈಗ?"

"ಇನ್ನಾ ತಡೀರಿ."

"ಈಗ?"

"ಈಗ."

ಬಿಳಿ ಗೆರೆ ಸುತ್ತಿ ಬಂತು. "ಹತ್ತಿಬಿಟ್ಟಿತಲ್ಲೋ ಮಾರಾಯಾ!" ಎಂದ ಧಮ್ಮಪಾಲ. ಇಲ್ಲದವನಿಗೆ ಹೇಳಿದ ಹಾಗಿತ್ತು. ಸುಟ್ಟ ಕೀಲುಗಳನ್ನು ಕತ್ತರಿಸಿ ಹೊಸವನ್ನು ಹಾಕಿದ್ದು ಕೊನೆಗೆ.

ಬಿಸಿಲು ಇಳಿಯುವ ಹೊತ್ತಿಗೆ ವಾಲ್ವು ಬಿಟ್ಟರು. ಒಂದು ಕೀಲು ಬೆವೆತಿತು. ನೀರು ಬಸಿದು ಅದನ್ನು ಮತ್ತೆ ಬೆಸೆದಳು. ಎರಡನೆಯ ಸಲ ಬಿಟ್ಟಾಗ ಎಲ್ಲ ಒಣಗಿಯೇ ಇದ್ದವು. ನಲ್ಲಿಯಿಂದ ಮೊದಲು ಗಾಳಿ ಬಂತು, ಆಮೇಲೆ ರೊಟ್ಟಿಯ ಪುಡಿ, ಆಮೇಲೆ ನೀರು. ಮೀರಾಬಾಯಿ ಕೆಳಗೆ ಕೈ ಒಡ್ಡಿದಳು. ತಣ್ಣಗಿದ್ದದ್ದು ಬೆಚ್ಚಗಾಯಿತು, ಬಿಸಿಯಾಯಿತು. ಆಕೆ ಕೈ ತೆಗೆಯಲಿಲ್ಲ.

"ಸುಡ್ತದ ಆಯಿ, ಸರೀರಿ," ಎಂದಳು ಕ್ಯಾರೊಲಿನ.

"ಸುಡ್ಲಿ ಬಿಡು," ಎಂದಳು ಮೀರಾಬಾಯಿ.

ಧಮ್ಮಪಾಲ ಪ್ಲಾಸ್ಟಿಕ್ ಪೈಪಿನ ಕಟ್ಟನ್ನು ಹೆಗಲಿಗೇರಿಸಿ ಬಾಗಿಲಲ್ಲಿ ನಿಂತ. "ವೈನಿ, ಯಾರ ಮಾಡಿದ್ದು ಅಂತ ಕೇಳಿದ್ರ ಏನು ಹೇಳಲಿ?"

"ರಿಚರ್ಡ ಅನ್ರಿ."

"ಅಷ್ಟೇನಾ?"

"ಅಷ್ಟೇ."

ಸೋಮವಾರ ಕಾಲೇಜಿಗೆ ಹೋಗುವ ಮುಂಚೆ ಅವಳು ಚೌಬಾರಾದ ಗಲ್ಲಿಗೆ ಹೋದಳು. ಜಹೀರೋದ್ದೀನ ಆಗಷ್ಟೇ ಅಂಗಡಿಯ ಹಲಗೆ ತೆಗೆಯುತ್ತಿದ್ದ. ಒರೆಸಿ, ನಳಿಗೆ ಸುತ್ತಿ ಕಟ್ಟಿದ್ದ ಗನ್ನನ್ನು ಅವಳು ಎರಡೂ ಕೈಯಲ್ಲಿ ನೀಡಿದಳು.

"ಈಗ ಒಂದೂ ಸೋರಲ್ರಿ."

"ಮಾಶಾ ಅಲ್ಲಾ." ಅವನ ಕೈ ಎದೆಯ ಹತ್ತಿರವೇ ಇತ್ತು. "ನಿನಗ ಬರ್ತದ ಈ ಕೆಲಸ. ಇಟ್ಕೋ ಬೇಟಿ. ಇದು ನೋಡಿದ್ರ ನನಗ ಆ ಮಧ್ಯಾಹ್ನ ನೆಪ್ಪಾಗ್ತದ."

"ನನಗೂ ಆಗ್ತದರಿ."

ಅವನು ತಲೆ ತಗ್ಗಿಸಿದ.

"ಚಾಚಾ, ಅವರು ಇದನ್ನ ಕೇಳಿ ಒಯ್ದಿದ್ರು. ನೀವು ಪ್ರೀತೀಲಿಂದ ಕೊಟ್ಟಿದ್ರಿ. ಕೆಲಸ ಮುಗದದ. ಮುಗದ ಮ್ಯಾಲ ತಂದು ಕೊಡ್ತಿದ್ರಲ್ಲ, ಹಂಗೇ ಕೊಡಲಿಕ್ಕ ಬಂದೇನಿ. ತಗೊಳ್ರಿ."

ಗಲ್ಲಿಯಲ್ಲಿ ಆಟೋ ಒಂದು ಹಾರ್ನು ಬಾರಿಸಿ ದಾರಿ ಕೇಳಿತು. ಇಬ್ಬರೂ ಗೋಡೆಗೆ ಸರಿದು ನಿಂತರು. ಅದು ಹೋಯಿತು. ಅವಳ ಕೈಗಳು ಇನ್ನೂ ಚಾಚಿಯೇ ಇದ್ದವು. ನೋಯುತ್ತಿವೆ ಎಂದು ಅವಳಿಗೆ ಗೊತ್ತಾಯಿತು. ಜಹೀರೋದ್ದೀನ ಅಂಗಿಗೆ ಅಂಗೈ ಒರೆಸಿಕೊಂಡು ಗನ್ನು ತೆಗೆದುಕೊಂಡ. ಯಾರು ಒಯ್ದ ಸಾಮಾನು ಮರಳಿ ಬಂದಾಗಲೂ ನೋಡುವಂತೆ ತಿರುಪು ತಿರುವಿ ನೋಡಿದ, ಮೂತಿಗೆ ಬಾಯಿಟ್ಟು ಒಮ್ಮೆ ಊದಿದ.

"ಸಾಫ್ ಅದ," ಎಂದ.